ಪೋಲಿ ನೀರು

ಒದಿಲಿಯಾಳಿಗೆ ಬೇಕಾಗಿದ್ದದ್ದು ಅವಳದೇ ಕಪ್ಪು ಉಡುಪು. ಅದು ನೇತಾಡುತ್ತಿದ್ದದ್ದು ಅವಳದೇ ಬಟ್ಟೆ ಕೋಣೆಯಲ್ಲಿ. ಆದರೆ ಕೋಣೆಯ ಬಾಗಿಲಿಗೆ ಮಗಳು ಯಾದಿರಾ ಚೀಟಿ ಅಂಟಿಸಿದ್ದಳು: ‘ಹಾಡು ರೆಕಾರ್ಡ್ ಆಗುತ್ತಿದೆ. ಯಾರೂ ಉಸಿರಾಡಬೇಡಿ.’

ಎರಡನೆಯ ಮಾತು ತಮಾಷೆಗೆ ಬರೆದದ್ದಿರಬಹುದು. ಆಗಸ್ಟ್ ತಿಂಗಳ ಸ್ಯಾನ್ ಆಂಟೋನಿಯೋದಲ್ಲಿ, ಏಸಿ ನಿಲ್ಲಿಸಿ ಕಿಟಕಿಗಳನ್ನೆಲ್ಲ ಬಿಗಿದ ಮನೆಯೊಳಗೆ ನಿಂತವರಿಗೆ ಅದು ತಮಾಷೆ ಅನ್ನಿಸುತ್ತಿರಲಿಲ್ಲ. ಫ್ರಿಜ್ಜನ್ನೂ ಆರಿಸಿದ್ದಾಗಿತ್ತು, ಅದರ ಗುಂಯ್ ಸದ್ದು ಮೈಕಿಗೆ ಬೀಳುತ್ತದಂತೆ. ಗಂಡ ಎಲಿಸೆಯೋ ಕೆಮ್ಮುತ್ತಾನೆಂದು ಅವನನ್ನು ಜಗಲಿಗೆ ಅಟ್ಟಿದ್ದಾಗಿತ್ತು. ನಾಯಿ ಕನೇಲೋ ಅವನ ಕಾಲಬುಡದಲ್ಲಿ ನಾಲಿಗೆ ಚಾಚಿಕೊಂಡು ಬಿದ್ದಿತ್ತು. ಅತ್ತೆ ಎರ್ಲಿಂದಾ ಮಾತ್ರ ಜಪ್ಪಯ್ಯ ಅಂದರೂ ಕುರ್ಚಿ ಬಿಟ್ಟು ಏಳದೆ, ಚರ್ಚಿನಲ್ಲಿ ಕೊಟ್ಟ ರಟ್ಟಿನ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

“ಹಾಡೋಕೆ ಬಚ್ಚಲು ಇದೆಯಲ್ಲ,” ಮುದುಕಿ ಪಿಸುಗುಟ್ಟಿದಳು. “ಬಟ್ಟೆ ಮಧ್ಯೆ ನಿಂತ್ಕೊಂಡು ಯಾರಾದ್ರೂ ಹಾಡ್ತಾರಾ?”

“ಬಟ್ಟೆ ಸದ್ದನ್ನ ಹೀರ್ಕೊಳ್ಳುತ್ತಂತೆ ಅತ್ತೆ.”

“ನಿನ್ನ ಬಟ್ಟೆಗೆ ಹೀರೋದಕ್ಕೆ ಜಾಗ ಎಲ್ಲಿದೆ? ಇಸ್ಕೂಲಿನ ಅಡುಗೆಮನೆ ಎಣ್ಣೆ ವಾಸನೆ ಅಷ್ಟೂ ಅದರಲ್ಲೇ ಇದೆ.”

ಒದಿಲಿಯಾ ಶಾಲೆಯ ಅಡುಗೆ ಕೆಲಸದಿಂದ ನಿವೃತ್ತಳಾಗಿ ಒಂದು ವರ್ಷವಾಗಿತ್ತು. ಅತ್ತೆ ಆ ವಾಸನೆಯ ಮಾತು ಬಿಟ್ಟಿರಲಿಲ್ಲ. ಈಗ ಜಗಳಕ್ಕೆ ಹೊತ್ತಿಲ್ಲ. ಎದುರು ಮನೆಯ ಮುದುಕ ತೀರಿಕೊಂಡಿದ್ದ, ಜಪಸರದ ಪ್ರಾರ್ಥನೆಗೆ ಹೋಗಬೇಕು. ಇಸ್ತ್ರಿಪೆಟ್ಟಿಗೆ ಕಾದು ಕೂತಿತ್ತು. ಒಳಗಿನಿಂದ ಮಗಳು ಒಂದೇ ಸಾಲನ್ನು ಹಾಡುತ್ತಿದ್ದಳು, ನಿಲ್ಲಿಸುತ್ತಿದ್ದಳು, ಮತ್ತೆ ಅದೇ ಸಾಲು. ಒದಿಲಿಯಾ ಕಾದು ಕಾದು ಕೊನೆಗೆ ಬಾಗಿಲನ್ನು ತಳ್ಳಿಯೇ ಬಿಟ್ಟಳು.

“ಅಮ್ಮಾ! ಇದೊಂದೇ ಸಲ ಸರಿಯಾಗಿ ಬಂದಿತ್ತು! ಇದೊಂದೇ!”

“ನನಗೂ ಒಂದೇ ಇರೋದು ಕಪ್ಪು ಬಟ್ಟೆ.” ಒದಿಲಿಯಾ ಮೈಕಿನ ಮೇಲಿಂದ ಕೈ ಚಾಚಿ ಹ್ಯಾಂಗರ್ ಎಳೆದಳು. “ಸರಿ ಆಚೆಗೆ.”

“ಸತ್ತವರಿಗೆ ಏನಮ್ಮ ಅವಸರ?”

“ಅವನ ಹೆಂಡ್ತಿಗಿದೆ. ನಾನು ಹೋಗಿ ಕಾಫಿಗಿಡಬೇಕು ಅಲ್ಲಿ.”

ಪ್ರಾರ್ಥನೆ ಮುಗಿಸಿ ಬಂದು ನೋಡಿದರೆ ಫ್ರಿಜ್ ಇನ್ನೂ ಆರಿಯೇ ಇತ್ತು. ಹಾಲು ಒಡೆದಿತ್ತು, ಭಾನುವಾರಕ್ಕೆಂದು ತಂದ ಮಾಂಸ ಬಣ್ಣ ತಿರುಗಿತ್ತು. ಯಾದಿರಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊಟದ ಮೇಜಿನ ಮುಂದೆ ಕುಳಿತಿದ್ದಳು. ಬೈಗುಳ ಕೇಳಿಸುವಂತೆಯೇ ಇರಲಿಲ್ಲ. ಒದಿಲಿಯಾ ಒಡೆದ ಹಾಲನ್ನು ತಂದು ಅವಳ ಮುಂದಿಟ್ಟು ಹೋದಳು.

ಯಾದಿರಾಗೆ ಮೂವತ್ತೊಂದು. ಹೈಸ್ಕೂಲು ಬಿಟ್ಟಾಗಿನಿಂದ ಅವಳದು ಹಾಡೇ. ತಾನೇ ಬರೆಯುವುದು, ತಾನೇ ರಾಗ ಹಾಕುವುದು, ತಾನೇ ಹಾಡಿ ಇಂಟರ್ನೆಟ್ಟಿಗೆ ಏರಿಸುವುದು. ಯಾವ ಸಂಗೀತ ಕಂಪನಿಯ ಹಂಗೂ ಇಲ್ಲ. ಒಮ್ಮೆ ಒಂದು ಕಂಪನಿ ಲಾಸ್ ಏಂಜಲೀಸಿಗೆ ಕರೆಸಿಕೊಂಡಿತ್ತು. ಕರಾರಿಗೆ ಸಹಿ ಹಾಕುವ ದಿನ ಅವರು, ಯಾದಿರಾ ತ್ರೆವಿನ್ಯೋ ಎಂಬ ಹೆಸರು ಬಾಯಿಗೆ ತೊಡಕು, ‘ಯಾಡಿ ಟ್ರೇ’ ಎಂದು ಇಟ್ಟುಕೋ ಅಂದರು. ಹುಡುಗಿ ಎದ್ದು ಬಸ್ಸು ಹತ್ತಿ ಮನೆಗೆ ಬಂದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಎಲಿಸೆಯೋ ಆ ಕಥೆಯನ್ನು ಡಿಪೋದಲ್ಲೆಲ್ಲ ಸಾರಿದ್ದ: “ಟ್ರೇ ಅಂತೆ! ನನ್ನ ಮಗಳೇನು ಕಾಫಿ ತರೋ ತಟ್ಟೆನಾ?”

ಒದಿಲಿಯಾಳಿಗೂ ಆಗ ಹೆಮ್ಮೆಯೆನಿಸಿತ್ತು. ಆದರೆ ಹೆಮ್ಮೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯಲ್ಲಿಟ್ಟುಕೊಂಡು ಬಾಳುವುದು ಬೇರೆ. ಊಟದ ಮೇಜಿನ ತುಂಬ ಮಗಳ ಚಿತ್ರವಿದ್ದ ಟೀ ಶರ್ಟುಗಳು, ಲಕೋಟೆಗಳು, ವೈರುಗಳು. ಎಲಿಸೆಯೋ ದಿನವೂ ಅವನ್ನು ಮಡಚಿ, ಕಟ್ಟಿ, ಅಂಚೆಗೆ ಹಾಕಿ ಬರುತ್ತಿದ್ದ. ಮನೆಮಂದಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುವುದು ಶುರುವಾಗಿ ತಿಂಗಳುಗಳೇ ಆಗಿದ್ದವು. ಬೆಳಿಗ್ಗೆ ಬೇಕರಿಯೊಂದರಲ್ಲಿ ಕೆಲಸ ಮಾಡಿ ಬರುವ ಮಗಳು ಮಧ್ಯಾಹ್ನ ಕಲಾವಿದೆಯಾಗುತ್ತಿದ್ದಳು. ಕಲಾವಿದೆ ಪಾತ್ರೆ ತೊಳೆಯುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಹೊಸ ಸಂಕಟ ಬಂದಿತ್ತು. ಅಕ್ಟೋಬರಿನಲ್ಲಿ ಮೆಕ್ಸಿಕೋದ ಮೊಂತೆರ್ರೇಯಿಂದ ಹಾಡಲು ಕರೆ. ದೊಡ್ಡ ವಾದ್ಯತಂಡವೊಂದರ ಕಾರ್ಯಕ್ರಮಕ್ಕೆ ಮೊದಲು ಅರ್ಧ ಗಂಟೆ ಇವಳದು. ಒಂದೇ ಷರತ್ತು, ಸ್ಪ್ಯಾನಿಷ್ ಹಾಡೂ ಇರಬೇಕು.

ಯಾದಿರಾಗೆ ಸ್ಪ್ಯಾನಿಷ್ ಅರೆಬರೆ ಅರ್ಥವಾಗುತ್ತಿತ್ತು. ಮಾತಾಡಹೊರಟರೆ ಅದು ಬೇರೆಯೇ ಭಾಷೆಯಾಗುತ್ತಿತ್ತು. “ಅಜ್ಜಿ, ಬೆಳಿಗ್ಗೆ ನಾನು ಮೊಟ್ಟೆಯವನನ್ನು ತಿಂದಳು ಇದ್ದೇನೆ,” ಎನ್ನುವಳು. ಎರ್ಲಿಂದಾ ಹಲ್ಲಿಲ್ಲದ ಬಾಯಿ ತೆರೆದು ನಗುವಳು. ಅವಳು ಮೊಂತೆರ್ರೇಯ ಹತ್ತಿರದ ಸಬಿನಾಸ್ ಊರಿನವಳು, ಗಂಡ ಸತ್ತ ಮೇಲೆ ಮಗನ ಮನೆಗೆ ಬಂದವಳು. ಈಗ ಮೊಮ್ಮಗಳ ಗುರು. ಸ್ಪ್ಯಾನಿಷಿನಲ್ಲಿ ಪ್ರತಿ ಪದವೂ ಗಂಡೋ ಹೆಣ್ಣೋ ಆಗಿರುವುದರಿಂದ ಪಾಠ ಅಲ್ಲೇ ಎಡವುತ್ತಿತ್ತು.

“ನನ್ನ ಕೈ, ಅವನು…” ಎಂದು ಯಾದಿರಾ ಶುರು ಮಾಡಿದರೆ ಮುದುಕಿ ಬೀಸಣಿಗೆಯಿಂದ ಮೊಣಕಾಲಿಗೆ ಬಡಿಯುವಳು.

“ಕೈ ಹೆಣ್ಣು ಕಣೇ! ಪಾದ ಗಂಡು. ಕೈ ಹೆಣ್ಣು.”

“ಯಾಕೆ?”

“ಯಾಕೆ ಅಂದ್ರೆ? ದೇವರನ್ನ ಕೇಳು. ನಿಮ್ಮಪ್ಪನ ಕೈ ಕೂಡ ಹೆಣ್ಣೇ.”

ಗುರು ನಿದ್ದೆ ಹೋದಾಗ ಶಿಷ್ಯೆ ಅಡುಗೆಮನೆಗೆ ಬರುತ್ತಿದ್ದಳು. “ಅಮ್ಮ, ‘ಕನವರಿಸು’ ಅನ್ನೋಕೆ ಏನಂತಾರೆ? ‘ಬಿಕ್ಕು’ ಅನ್ನೋಕೆ? ‘ಹೊಸಿಲು’ ಅನ್ನೋಕೆ?”

“ಅಜ್ಜಿನ ಕೇಳು,” ಒದಿಲಿಯಾ ಇಂಗ್ಲಿಷಿನಲ್ಲಿ ಹೇಳುವಳು. ಮಕ್ಕಳೊಂದಿಗೆ ಅವಳದು ಇಂಗ್ಲಿಷೇ. ಮಗ, ಮಗಳು ಇಬ್ಬರೂ ಹುಟ್ಟಿದ ದಿನದಿಂದ ಒಂದು ಸ್ಪ್ಯಾನಿಷ್ ಮಾತನ್ನೂ ಅವಳು ಅವರ ಕಡೆ ಎಸೆದವಳಲ್ಲ.

“ಅಜ್ಜಿ ಮಲಗಿದಾಳೆ. ನೀನು ಹೇಳಿದ್ರೆ ಏನಾಗುತ್ತೆ?”

“ನನ್ನ ಕೈಯಲ್ಲಿ ಹಿಟ್ಟಿದೆ.”

“ಬಾಯಲ್ಲಿ ಇಲ್ವಲ್ಲ.”

“ಈಗ ಇಲ್ಲಿಂದ ಹೋಗದಿದ್ರೆ ನಿನ್ನ ಬಾಯಲ್ಲಿ ಇರುತ್ತೆ.”

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಕನೇಲೋ ಕುಂಯ್‌ಗುಟ್ಟಿತು. ಒದಿಲಿಯಾ ತಿರುಗಿ, “ಏನೋ ನನ್ನ ರಾಜ, ಹಸಿವಾಯ್ತಾ? ತಡಿ, ಮೂಳೆ ಇಟ್ಟಿದೀನಿ ನಿಂಗೆ,” ಎಂದು ಸ್ಪ್ಯಾನಿಷಿನಲ್ಲಿ ಮುದ್ದುಗರೆದಳು. ನಾಯಿ ಬಾಲ ಅಲ್ಲಾಡಿಸಿತು. ಯಾದಿರಾ ನೋಡುತ್ತ ನಿಂತಳು.

ಅದು ಅವಳ ಬಾಯಿಂದ ಹೊರಬಿದ್ದದ್ದು ಆ ಭಾನುವಾರದ ಊಟದ ಹೊತ್ತಿಗೆ. ಎರಡು ಬೀದಿ ಆಚೆಗಿದ್ದ ಮಗ ರೊಲಾಂಡೋ ಬಂದಿದ್ದ. ಹಬೆಯಲ್ಲಿ ಬೆಂದ ದನದ ಕೆನ್ನೆಮಾಂಸ, ಬಿಸಿ ಟೋರ್ಟಿಯಾ ರೊಟ್ಟಿ, ಹಂಡೆಯಲ್ಲಿ ಬೀನ್ಸ್ ಕಾಳು. ಎಲ್ಲರ ತಟ್ಟೆಯೂ ತೊಡೆಯ ಮೇಲೆ.

“ಈ ಮನೇಲಿ ಮೇಜು ಅಂತ ಒಂದಿತ್ತು,” ರೊಲಾಂಡೋ ಅಂದ. “ತಂಗೀ, ನಿನ್ನ ವಯಸ್ಸಿನವರಿಗೆ ಪಿಂಚಣಿ ಕಟ್ಟೋ ಕೆಲಸ ಇರುತ್ತೆ.”

“ನಾನು ಮೊಂತೆರ್ರೇಗೆ ಹೋಗ್ತಿದೀನಿ. ನೀನು ಯಾರದೋ ಏಸಿ ರಿಪೇರಿಗೆ ಹೋಗು.”

“ಹೋಗ್ತೀನಿ. ಅಲ್ಲಿ ನನ್ನ ಅರೆಬರೆ ಸ್ಪ್ಯಾನಿಷ್ ಕೇಳಿ ಯಾರೂ ನಗಲ್ಲ. ಮೊಂತೆರ್ರೇಯವರು ನಿನ್ನನ್ನ ಗಡಿಯಾಚೆಗೆ ನಕ್ಕೇ ಓಡಿಸ್ತಾರೆ.”

“ನಗ್ಲಿ. ನಂಗೆ ಯಾಕೆ ಬರಲ್ಲ ಅಂತ ಅವರು ಕೇಳಿದ್ರೆ ಅಮ್ಮನ ನಂಬರ್ ಕೊಡ್ತೀನಿ.” ಯಾದಿರಾಳ ದನಿ ಏರಿತು. “ಅಜ್ಜಿ ಹತ್ರ ಸ್ಪ್ಯಾನಿಷ್, ಕಟುಕನ ಹತ್ರ ಸ್ಪ್ಯಾನಿಷ್, ಅಪ್ಪನ್ನ ಬೈಯೋಕೆ ಸ್ಪ್ಯಾನಿಷ್. ನಾಯಿಗೂ ಸ್ಪ್ಯಾನಿಷ್! ಈ ಮನೇಲಿ ನಾಯಿಗೆ ಬರೋ ಭಾಷೆ ನಂಗೆ ಬರಲ್ಲ. ನಾಯಿಗೆ ಕೊಟ್ಟಿದ್ದನ್ನ ನಮಗೆ ಯಾಕಮ್ಮ ಕೊಡ್ಲಿಲ್ಲ?”

“ಯಾದಿ, ಸಾಕು,” ಎಲಿಸೆಯೋ ಅಂದ.

“ನೀನು ಸುಮ್ಮನಿರಪ್ಪ. ನೀನೂ ಸುಮ್ಮನಿದ್ದವನೇ.”

ಒದಿಲಿಯಾ ಸೌಟನ್ನು ಹಂಡೆಯೊಳಗೆ ಕುಕ್ಕಿದಳು. ಕಾಳಿನ ರಸ ಒಲೆಯ ಮೇಲೆಲ್ಲ ಸಿಡಿಯಿತು.

“ಕೊಡ್ಬೇಕಿತ್ತಾ? ನನಗೆ ಕೊಟ್ಟು ಕಳ್ಸಿದ್ರಲ್ಲ ಇಸ್ಕೂಲಿಗೆ! ಒಂದನೇ ಕ್ಲಾಸು. ಮಿಸ್ ಹಾರ್ಗ್ರೋವ್. ಬಾಯಿಂದ ಒಂದು ಸ್ಪ್ಯಾನಿಷ್ ಮಾತು ಬಂದ್ರೆ ಅಂಗೈಗೆ ಮರದ ಸ್ಕೇಲಲ್ಲಿ ಬೀಳೋದು. ಇಂಗ್ಲಿಷ್ ನನಗೆ ಒಂದಕ್ಷರ ಬರಲ್ಲ. ಒಂದಕ್ಕೆ ಹೋಗ್ಬೇಕು ಅಂತ ಕೇಳೋದು ಹೇಗೆ? ಯಾವ ಭಾಷೇಲಿ ಕೇಳ್ಲಿ? ಹಿಡ್ಕೊಂಡೆ. ಹಿಡ್ಕೊಂಡು ಹಿಡ್ಕೊಂಡು ಲಂಗದಲ್ಲೇ ಆಯ್ತು. ಎಲ್ಲರ ಮುಂದೆ. ಅವಳು ನನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದಳು, ಲಂಗ ಒಣಗೋವರೆಗೆ. ತಿಳೀತಾ ಈಗ? ನಿಮ್ಮ ಲಂಗ, ಚಡ್ಡಿ ಒದ್ದೆಯಾಗ್ಬಾರದು ಅಂತ ಕೊಡ್ಲಿಲ್ಲ. ನಾಯಿನ ಯಾರೂ ಇಸ್ಕೂಲಿಗೆ ಕಳ್ಸಲ್ಲ.”

ಯಾರೂ ಅಗಿಯುತ್ತಿರಲಿಲ್ಲ. ನಲವತ್ತು ವರ್ಷ ಒಟ್ಟಿಗೆ ಬಾಳಿದ ಎಲಿಸೆಯೋ ಇದನ್ನು ಮೊದಲ ಬಾರಿ ಕೇಳುತ್ತಿದ್ದ. ಇಂಗ್ಲಿಷ್ ತಿಳಿಯದ ಎರ್ಲಿಂದಾ ಒಬ್ಬೊಬ್ಬರ ಮುಖವನ್ನೂ ನೋಡಿ, “ಏನಂತೆ? ಯಾರು ಸತ್ರು?” ಎಂದು ಕೇಳಿದಳು.

“ಯಾರೂ ಸತ್ತಿಲ್ಲ ಅತ್ತೆ. ತಿನ್ನಿ, ಆರಿ ಹೋಗುತ್ತೆ,” ಎಂದು ಒದಿಲಿಯಾ ಸ್ಪ್ಯಾನಿಷಿನಲ್ಲಿ ಹೇಳಿ ಒಲೆ ಒರೆಸತೊಡಗಿದಳು.

ಆಮೇಲೆ ಕೆಲವು ದಿನ ಮನೆ ವಿಚಿತ್ರವಾಗಿ ಶಿಸ್ತಾಗಿತ್ತು. ಯಾದಿರಾ ಪಾತ್ರೆ ತೊಳೆದಳು. ಅರ್ಧ ಮೇಜನ್ನು ಖಾಲಿ ಮಾಡಿಕೊಟ್ಟಳು. ಶಬ್ದಗಳನ್ನು ಕೇಳುವುದನ್ನು ನಿಲ್ಲಿಸಿದಳು. ಎಲಿಸೆಯೋ ಸಂಜೆ ಹೆಂಡತಿಗೆ ತಾನೇ ಕಾಫಿ ಮಾಡಿ ತಂದುಕೊಟ್ಟು, ಏನೋ ಹೇಳಲು ಬಾಯಿ ತೆರೆದು, “ಸಕ್ಕರೆ ಸಾಕಾ?” ಎಂದಷ್ಟೇ ಕೇಳಿದ. ಒದಿಲಿಯಾಳಿಗೆ ಈ ಮೆತ್ತಗಿನ ನಡೆ ಜಗಳಕ್ಕಿಂತ ಹೆಚ್ಚು ಕಿರಿಕಿರಿಯೆನಿಸಿತು. ಕಾಯಿಲೆ ಬಿದ್ದವರ ಸುತ್ತ ನಡೆದಾಡುವಂತೆ ನಡೆದಾಡುತ್ತಿದ್ದರು ಎಲ್ಲರೂ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವಳು ಒಗೆದ ಬಟ್ಟೆಯ ಬುಟ್ಟಿ ಹೊತ್ತು ಮಲಗುವ ಕೋಣೆಗೆ ಬಂದಳು. ಬಟ್ಟೆ ಕೋಣೆಯ ಬಾಗಿಲಾಚೆ ಮಗಳ ಹಾಡು ಸಾಗಿತ್ತು. ಸ್ಪ್ಯಾನಿಷ್ ಹಾಡು. ಉಚ್ಚಾರ ಪರವಾಗಿಲ್ಲ, ಅತ್ತೆಯ ಬೀಸಣಿಗೆ ಕೆಲಸ ಮಾಡಿದೆ ಅಂದುಕೊಳ್ಳುತ್ತ ಒದಿಲಿಯಾ ಮಂಚದಂಚಿಗೆ ಕುಳಿತು ಕಾಲುಚೀಲಗಳನ್ನು ಜೋಡಿ ಮಾಡತೊಡಗಿದಳು. ಎರಡನೆಯ ನುಡಿ ಬಂತು. ಆರು ವರ್ಷದ ಹುಡುಗಿ. ಗೋಡೆ ಕಡೆಗೆ ಮುಖ. ಒದ್ದೆ ಲಂಗ.

ಅವಳು ಎದ್ದು ಬಾಗಿಲು ತೆರೆದಳು. ಈ ಸಲ ಯಾದಿರಾ ಕೂಗಲಿಲ್ಲ.

“ಅಮ್ಮ, ನಾನೇ ಹೇಳೋಣ ಅಂತಿದ್ದೆ.”

“ಯಾವಾಗ? ಮೊಂತೆರ್ರೇಯಲ್ಲಿ ಮೈಕು ಹಿಡ್ಕೊಂಡಾ?”

“ನಿನ್ನ ಹೆಸರು ಎಲ್ಲೂ ಇಲ್ಲ.”

“ನಿನ್ನ ತಾಯಿ ಯಾರು ಅಂತ ಈ ಬೀದಿಗೆ ಗೊತ್ತಿಲ್ವಾ? ಚರ್ಚಿಗೆ ಗೊತ್ತಿಲ್ವಾ?”

“ನಾನು ಬರೆದಿದ್ರಲ್ಲೆಲ್ಲ ಇದೇ ಒಳ್ಳೆ ಹಾಡಮ್ಮ. ಹತ್ತು ವರ್ಷದಿಂದ ಹುಡುಗ ಬಿಟ್ಟುಹೋದ, ಮಳೆ ಬಂತು ಅಂತ ಬರೀತಿದೀನಿ. ಇದೊಂದು ನಿಜ. ಇಂಥ ಹಾಡಿಂದ ಒಂದು ನುಡಿ ಕಿತ್ತು ಹಾಕು ಅಂತ ಯಾರೂ ನಂಗೆ ಹೇಳೋ ಹಾಗಿರ್ಬಾರದು ಅಂತಾನೇ ನಾನು ಯಾವ ಕಂಪನಿಗೂ ಸೇರ್ಲಿಲ್ಲ. ನನ್ನ ಹಾಡು ನಂದು.”

“ಹಾಡು ನಿಂದು. ಲಂಗ ನಂದು.” ಒದಿಲಿಯಾಳ ಕೈಯಲ್ಲಿನ್ನೂ ಒಂಟಿ ಕಾಲುಚೀಲವಿತ್ತು. “ಲಾಸ್ ಏಂಜಲೀಸಿನವರು ನಿನ್ನ ಹೆಸರು ಬದಲಾಯಿಸು ಅಂದ್ರು ಅಂತ ಬಸ್ಸು ಹತ್ತಿ ಬಂದೆ. ನಮ್ಮದನ್ನ ಕಿತ್ಕೊಳ್ತಾರೆ ಅಂತ ಕಣ್ಣೀರು ಹಾಕ್ದೆ. ನಾನು ಯಾವ ಬಸ್ಸು ಹತ್ಲಿ? ಇದು ನನ್ನ ಮನೆ. ಇದು ನನ್ನ ಬಟ್ಟೆ ಕೋಣೆ. ಹೊರಗೆ ಬಾ.”

“ಅಮ್ಮ…”

“ಹೊರಗೆ ಬಾ ಅಂದೆ. ಆ ಕಂಬಾನೂ ತಗೊಂಡು ಬಾ.”

ಮೈಕಿನ ಕಂಬ ಹೊರಬಂತು, ವೈರುಗಳು ಹೊರಬಂದವು. ಒದಿಲಿಯಾ ಬಾಗಿಲಿಗೆ ಬೀಗ ಹಾಕಿ, ಬೀಗದಕೈಯನ್ನು ಒಳಂಗಿಯೊಳಗೆ ಸಿಕ್ಕಿಸಿಕೊಂಡಳು.

ಮುಂದಿನ ವಾರಗಳಲ್ಲಿ ಅವಳು ಅಡುಗೆ ಮಾಡಿದಳು, ಎಲ್ಲರಿಗೂ ಬಡಿಸಿದಳು, ಮಗಳೊಂದಿಗೆ ಮಾತ್ರ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಅತ್ತೆಯ ಮೂಲಕ ಸ್ಪ್ಯಾನಿಷಿನಲ್ಲಿ ಹೇಳಿಸಿದಳು.

“ಅತ್ತೆ, ಆ ಗಾಯಕಿಗೆ ಹೇಳಿ, ಶಾವಿಗೆ ಒಲೆ ಮೇಲಿದೆ, ಬೇಕಿದ್ರೆ ತಿನ್ನಲಿ.”

“ಯಾದಿರಾ, ಶಾವಿಗೆ,” ಎರ್ಲಿಂದಾ ಕೂಗುವಳು. “ಒಣ ಮಾತಿಗೂ ನಾನು, ಒದ್ದೆ ಮಾತಿಗೂ ನಾನು. ಟಪಾಲಿನವನಿಗಾದ್ರೆ ಸಂಬಳ ಇದೆ.” ಆ ಹೊತ್ತಿಗಾಗಲೇ ಎಲಿಸೆಯೋ ತಾಯಿಗೆ ಎಲ್ಲವನ್ನೂ ಹೇಳಿದ್ದ. ಅವಳು ಸೊಸೆಯ ಎಣ್ಣೆ ವಾಸನೆಯ ಮಾತನ್ನು ಆ ದಿನದಿಂದ ಎತ್ತಿರಲಿಲ್ಲ.

ರೊಲಾಂಡೋ ಬಂದು ರಾಜಿಗೆ ನೋಡಿದ. “ಅಮ್ಮ, ನಂಗೂ ಅವಳ ಮೇಲೆ ಸಿಟ್ಟಿದೆ. ಆದ್ರೆ ಅವಳು ಬೇಕರಿಯ ಗೋದಾಮಲ್ಲಿ ಹಿಟ್ಟಿನ ಮೂಟೆ ಮಧ್ಯೆ ನಿಂತು ರೆಕಾರ್ಡ್ ಮಾಡ್ತಿದಾಳಂತೆ. ಸೀನ್ತಾನೇ ಇರ್ತಾಳಂತೆ.”

“ಸೀನ್ಲಿ.”

“ಆ ಲಂಗದ ನುಡಿ ತೆಗೆದುಬಿಟ್ಲಂತೆ, ಗೊತ್ತಾ?”

ಒದಿಲಿಯಾಳಿಗೆ ಗೊತ್ತಿರಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದವಳು ಒಂದು ಗಳಿಗೆ ಚಾಕು ನಿಲ್ಲಿಸಿ ಮತ್ತೆ ಹೆಚ್ಚಿದಳು.

ಆ ಶನಿವಾರ ಯಾದಿರಾ ಜಗಲಿಯಲ್ಲಿ ಗಿಟಾರ್ ಹಿಡಿದು ಹಾಡನ್ನು ಅಪ್ಪ, ಅಜ್ಜಿಗೆ ಕೇಳಿಸಿದಳು. ಒದಿಲಿಯಾ ಮನೆಯ ಪಕ್ಕದ ಅಂಗಳದಲ್ಲಿ ಪೀಕನ್ ಮರದಡಿ ಹಾಸಿಗೆಯ ಹೊದಿಕೆಗಳನ್ನು ಒಣಹಾಕುತ್ತಿದ್ದಳು. ಕೇಳಿಸಬಾರದೆಂದರೂ ಕೇಳಿಸುತ್ತಿತ್ತು. ಒದ್ದೆ ಲಂಗ ಇರಲಿಲ್ಲ. ಅದರ ಜಾಗದಲ್ಲಿ ಸೂರ್ಯನಿದ್ದ, ಚಂದ್ರನಿದ್ದ, ಬೇರುಗಳಿದ್ದವು, ತಾಯಿಯ ನುಡಿ ಜೇನಿನಂತೆ ಹರಿಯುತ್ತಿತ್ತು.

“ಚೆನ್ನಾಗಿದೆ ಮಗಳೇ,” ಎಲಿಸೆಯೋ ಅಂದ. ಅವನು ಯಾವುದಕ್ಕೂ ಹಾಗೇ ಅನ್ನುತ್ತಿದ್ದ.

“ಉಪ್ಪಿಲ್ಲ,” ಎರ್ಲಿಂದಾ ಅಂದಳು.

“ಗೊತ್ತು ಅಜ್ಜಿ.” ಯಾದಿರಾ ಗಿಟಾರನ್ನು ಕೆಳಗಿಟ್ಟಳು. “ಇದನ್ನೇ ಹಾಡ್ತೀನಿ. ಬೇರೆ ಇಲ್ಲ ನನ್ನ ಹತ್ರ.”

ಒದಿಲಿಯಾ ತಂತಿಗೆ ಕ್ಲಿಪ್ಪು ಸಿಕ್ಕಿಸುತ್ತ ಇದ್ದವಳು, ಒಂದು ಹೊದಿಕೆಯನ್ನು ಹಾಗೇ ಬುಟ್ಟಿಗೆ ಎಸೆದು ಜಗಲಿಯ ಮೆಟ್ಟಿಲಿಗೆ ಬಂದಳು.

“ಇಲ್ಲಿ ಚಂದ್ರ ಯಾಕೆ ಬಂದ?”

ಎಷ್ಟೋ ದಿನದ ಮೇಲೆ ಬಿದ್ದ ಮಾತಿಗೆ ಯಾದಿರಾ ಬೆಚ್ಚಿದಳು. “ನೀನು ತೆಗಿ ಅಂದೆ. ತೆಗೆದೆ. ಜಾಗ ತುಂಬ್ಬೇಕಲ್ಲ.”

“ಚಂದ್ರನಿಂದ ತುಂಬ್ತಾರಾ? ಮಧ್ಯಾಹ್ನ ಹನ್ನೆರಡು ಗಂಟೆ ಇಸ್ಕೂಲದು!”

“ಹಾಗಾದ್ರೆ ಏನು ಮಾಡ್ಲಿ ಹೇಳು! ನಿಜ ಹಾಡಿದ್ರೆ ಬೀಗ ಹಾಕ್ತೀಯ, ಸುಳ್ಳು ಹಾಡಿದ್ರೆ ಬೈತೀಯ!”

“ನಿನ್ನ ಹಾಡಲ್ಲಿ ಹುಡುಗಿ ಗೋಡೆ ಹತ್ರಾನೇ ನಿಂತುಬಿಟ್ಲು. ಅಲ್ಲೇ ಮುಗೀತಾ? ನಾನು ಇನ್ನೂ ಅಲ್ಲೇ ನಿಂತಿದೀನಾ? ಮನೆಗೆ ಬರ್ಲಿಲ್ವಾ?” ಒದಿಲಿಯಾ ಮೆಟ್ಟಿಲ ಮೇಲೆ ಕುಳಿತಳು, ಮಗಳಿಗೆ ಬೆನ್ನು ಮಾಡಿ. “ಅಮ್ಮ ಬಂದ್ಲು ಕರ್ಕೊಂಡು ಹೋಗೋಕೆ. ಯಾರದೋ ಮನೇಲಿ ಇಸ್ತ್ರಿ ಕೆಲಸ ಬಿಟ್ಟು ಹಾಗೇ ಬಂದಿದ್ಲು. ನನ್ನ ಲಂಗದ ಕಲೆ ನೋಡಿದ್ಲು. ಏನಾಯ್ತು ಅಂತ ಕೇಳ್ಲಿಲ್ಲ. ತನ್ನ ಏಪ್ರನ್ ಬಿಚ್ಚಿ ನನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಕಟ್ಟಿದ್ಲು. ದಾರಿ ಅರ್ಧ ಆದ್ಮೇಲೆ ನಾನೇ ಹೇಳ್ದೆ, ನೀರು ಚೆಲ್ತು ಅಮ್ಮ ಅಂತ. ಅವಳು ನಡೀತಾನೇ, ‘ಈ ಊರಿನ ನೀರು ಬಲು ಪೋಲಿ ಕಣೇ. ಮಕ್ಕಳನ್ನ ಕಂಡ್ರೆ ಮೈಮೇಲೆ ಹಾರುತ್ತೆ’ ಅಂದ್ಲು. ಅಷ್ಟೇ. ಮನೆಗೆ ಹೋಗಿ ಬೀನ್ಸ್ ತಿಂದ್ವಿ.”

ತನ್ನ ತಾಯಿಯ ಆ ಒಂದು ಮಾತನ್ನು ಒದಿಲಿಯಾ ಸ್ಪ್ಯಾನಿಷಿನಲ್ಲೇ ಹೇಳಿದ್ದಳು. ಅದು ಬೇರೆ ಭಾಷೆಯಲ್ಲಿ ಬರುವಂತಿರಲಿಲ್ಲ.

“ಅದನ್ನ ಬೇಕಿದ್ರೆ ಹಾಡು,” ಒದಿಲಿಯಾ ಎದ್ದಳು. “ನನ್ನಮ್ಮ ಅದನ್ನ ಬೀದಿಗೆಲ್ಲ ಕೇಳೋ ಹಾಗೆ ಹೇಳಿದ್ದು, ಅದರಲ್ಲಿ ಮುಚ್ಚೋದೇನಿಲ್ಲ. ಯಾಕೆ ಒದ್ದೆಯಾಯ್ತು ಅಂತ ಮಾತ್ರ ಬೇಡ. ಕೇಳಿದವರು ಬೇಕಿದ್ರೆ ಊಹಿಸ್ಕೊಳ್ಲಿ, ಬಿಡ್ಲಿ.”

ಯಾದಿರಾ ಗಿಟಾರ್ ಎತ್ತಿಕೊಂಡು ಮೆಲ್ಲಗೆ ಹೇಳಿ ನೋಡಿದಳು. “ಈ ಊರಿನ ನೀರು ಪೋಲಿಯವನು…”

“ಪೋಲಿಯವಳು!” ಒದಿಲಿಯಾ, ಎರ್ಲಿಂದಾ ಒಟ್ಟಿಗೆ ಕೂಗಿದರು.

“ನೀರಿನ ಮುಂದೆ ಬರೋ ‘ಎಲ್’ ಗಂಡು ಪದ ಅಲ್ವಾ?”

“ನೀರು ಹೆಣ್ಣೇ,” ಎರ್ಲಿಂದಾ ಬೀಸಣಿಗೆ ಎತ್ತಿದಳು. “ಗಂಡಿನ ಟೋಪಿ ಇಟ್ಕೊಂಡು ಬರ್ತಾಳೆ ಅಷ್ಟೇ. ಟೋಪಿ ನೋಡಿ ಮೋಸ ಹೋಗ್ಬೇಡ.”

“ಅಯ್ಯೋ, ಇದೆಂಥ ಭಾಷೆ ನಿಮ್ದು!”

“ನಮ್ದಲ್ಲ, ಎಲ್ಲರದ್ದೂ,” ಎಂದು ಗೊಣಗುತ್ತ ಒದಿಲಿಯಾ ಬುಟ್ಟಿ ಎತ್ತಿಕೊಂಡಳು. ಬಟ್ಟೆ ಕೋಣೆಯ ಬೀಗ ಸೋಮವಾರ ತೆರೆಯಿತು, ಎರಡು ಷರತ್ತುಗಳೊಂದಿಗೆ: ಶನಿವಾರ, ಭಾನುವಾರ ರೆಕಾರ್ಡಿಂಗ್ ಇಲ್ಲ, ಮತ್ತು ಫ್ರಿಜ್ಜನ್ನು ಮುಟ್ಟುವಂತಿಲ್ಲ. ಹಾಡಿನ ಅಡಿಯಲ್ಲಿ ಗುಂಯ್ ಎನ್ನುವ ಸದ್ದೊಂದು ಉಳಿದುಬಿಟ್ಟಿತು. ಯಾದಿರಾ ಗೊಣಗಿ ಸುಮ್ಮನಾದಳು.

ಮೊಂತೆರ್ರೇಗೆ ಹೊರಡುವಾಗ ಒದಿಲಿಯಾಳಿಗೆ ಹೋಗುವ ಮನಸ್ಸಿರಲಿಲ್ಲ. ಆದರೆ ದಾರಿಯಲ್ಲಿ ಸಿಗುವ ತನ್ನೂರು ನೋಡಬೇಕೆಂದು ಎರ್ಲಿಂದಾ ಹಠ ಹಿಡಿದಳು. ಅತ್ತೆ ಹೋದರೆ ಅವಳ ಮಾತ್ರೆ, ಅವಳ ದಿಂಬು, ಅವಳ ಸಿಡಿಮಿಡಿ ಎಲ್ಲ ನೋಡಿಕೊಳ್ಳಲು ಸೊಸೆ ಹೋಗಲೇಬೇಕು. ಹಳೆಯ ವ್ಯಾನಿನಲ್ಲಿ ಟೀ ಶರ್ಟಿನ ಪೆಟ್ಟಿಗೆಗಳ ನಡುವೆ ಮಂಡಿ ಮಡಚಿಕೊಂಡು ಕುಳಿತು, ಗಡಿಯ ಸಾಲಿನಲ್ಲಿ ಬಿಸಿಲಲ್ಲಿ ಬೆಂದು, ಸಬಿನಾಸ್‌ನಲ್ಲಿ ವ್ಯಾನು ನಿಲ್ಲಿಸಿದರೆ ಮುದುಕಿ ಕಿಟಕಿಯಿಂದಲೇ ನೋಡಿ, “ಇದಲ್ಲ ನನ್ನೂರು, ಯಾರೋ ಬದಲಾಯಿಸಿದಾರೆ. ನಡಿ,” ಎಂದುಬಿಟ್ಟಳು.

ಕಾರ್ಯಕ್ರಮ ಭಾನುವಾರ ಇಳಿಹೊತ್ತಿಗೆ, ಮುಚ್ಚಿದ ಗಿರಣಿಯೊಂದರ ಅಂಗಳದಲ್ಲಿ. ಜನ ಬಂದಿದ್ದದ್ದು ದೊಡ್ಡ ತಂಡಕ್ಕಾಗಿ. ಅವರು ಬಿಯರ್ ಹಿಡಿದು ಮಾತಿನಲ್ಲಿ ಮುಳುಗಿದ್ದರು. ಎಲಿಸೆಯೋ ವೇದಿಕೆಯ ಬಳಿ ಫೋನ್ ಎತ್ತಿ ಹಿಡಿದು ನಿಂತಿದ್ದ. ಟೀ ಶರ್ಟಿನ ಮೇಜು ಒದಿಲಿಯಾಳ ಪಾಲಿಗೆ ಬಂದಿತ್ತು. ಪಕ್ಕದಲ್ಲಿ ಎರ್ಲಿಂದಾ ಕುರ್ಚಿ ಹಾಕಿಕೊಂಡು, ಮುಂದೆ ಹಾದುಹೋದವರಿಗೆಲ್ಲ, “ತಗೊಳ್ಳಿ, ನನ್ನ ಮೊಮ್ಮಗಳು, ಬಡವಿ,” ಎನ್ನುತ್ತಿದ್ದಳು.

“ಅತ್ತೆ, ಬಡವಿ ಅನ್ಬೇಡಿ.”

“ಮಾರಾಟ ಆಗ್ಬೇಕೋ ಬೇಡ್ವೋ?”

ಯಾದಿರಾ ಮೊದಲ ಹಾಡುಗಳನ್ನು ಇಂಗ್ಲಿಷಿನಲ್ಲಿ ಹಾಡಿದಳು. ಚಪ್ಪಾಳೆ ಅಲ್ಲೊಂದು ಇಲ್ಲೊಂದು. ನಡುವೆ ಸ್ಪ್ಯಾನಿಷಿನಲ್ಲಿ ಏನೋ ಹೇಳಲು ಹೋಗಿ ಎಡವಿದಳು. ಮುಂದಿನ ಸಾಲಿನ ಹುಡುಗರು ನಕ್ಕರು, ಒಬ್ಬ ಅವಳ ಉಚ್ಚಾರವನ್ನು ಅಣಕಿಸಿ ಕೂಗಿದ. ಒದಿಲಿಯಾಳ ಕೈ ಮಡಚುತ್ತಿದ್ದ ಅಂಗಿಯ ಮೇಲೆ ನಿಂತಿತು. ಮಗಳು ಕೂದಲನ್ನು ಕಿವಿಯ ಹಿಂದೆ ಸರಿಸಿ, “ನಗಿ, ನಮ್ಮ ಮನೆ ನಾಯಿ ನನಗಿಂತ ಚೆನ್ನಾಗಿ ಮಾತಾಡುತ್ತೆ,” ಎಂದಳು. ಅದನ್ನು ಮಾತ್ರ ತಪ್ಪಿಲ್ಲದೆ ಹೇಳಿದಳು. ಜನ ಈಗ ಬೇರೆ ರೀತಿ ನಕ್ಕರು.

ಆಮೇಲೆ ಆ ಹಾಡು. ಏಪ್ರನ್ ಸುತ್ತಿಕೊಂಡ ಹುಡುಗಿ, ಮುಂದೆ ಮುಂದೆ ನಡೆಯುವ ತಾಯಿ, ಮಕ್ಕಳ ಮೈಮೇಲೆ ಹಾರುವ ನೀರು. ಮಾತು ಪೂರ್ತಿ ನಿಲ್ಲಲಿಲ್ಲ. ಬಾರಿನ ಕಡೆಯವರು ಮಾತಾಡುತ್ತಲೇ ಇದ್ದರು. ಮುಂದಿನ ಅರ್ಧ ಅಂಗಳ ಮಾತ್ರ ಸುಮ್ಮನಾಯಿತು. ಎರಡನೆಯ ಸಲ ಆ ಸಾಲು ಬಂದಾಗ ಕೆಲವರು ಜೊತೆಗೆ ಹಾಡಿದರು. ಯಾದಿರಾ ‘ಪೋಲಿಯವಳು’ ಎಂದೇ ಹಾಡಿದಳು, ಎರಡು ಸಲವೂ.

ಮುಗಿದ ಮೇಲೆ ಒಬ್ಬ ಯುವತಿ ಮೇಜಿನ ಬಳಿ ಬಂದಳು. ಕಣ್ಣು ಕೆಂಪಾಗಿತ್ತು.

“ಆ ನೀರಿನ ಮಾತು ಯಾರು ಹೇಳಿದ್ದು ಅಮ್ಮ? ನಿಮಗೆ ಗೊತ್ತಾ?”

“ನನ್ನಮ್ಮ,” ಒದಿಲಿಯಾ ಅಂದಳು. “ಅಂಗಿ ಯಾವ ಅಳತೆ ಕೊಡ್ಲಿ?”

ಸ್ವಲ್ಪ ಹೊತ್ತಿನಲ್ಲಿ ಯಾದಿರಾ ಬೆವರಿ ತೊಪ್ಪೆಯಾಗಿ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಬರುವ ವರ್ಷ ಮತ್ತೆ ಕರೆಯುತ್ತೇವೆ ಎಂದಿದ್ದರಂತೆ, ಖಚಿತವಾಗಿ ಅಲ್ಲ, ನೋಡೋಣ ಎಂಬಂತೆ. ಅವಳು ಮೇಜಿಗೆ ಒರಗಿ, ಕಷ್ಟಪಟ್ಟು ಒಂದೊಂದೇ ಪದ ಜೋಡಿಸಿ, ಸ್ಪ್ಯಾನಿಷಿನಲ್ಲಿ ಕೇಳಿದಳು: “ಹೇಗೆ ಇತ್ತು, ಅಮ್ಮ?”

ಒದಿಲಿಯಾ ಬಾಯಿ ತೆರೆದಳು. ಬಂದದ್ದು ಇಂಗ್ಲಿಷಲ್ಲ.

“ಹೇಗ್ ಇರುತ್ತೆ? ಮೂರನೇ ಸಾಲಿನ ಕೊನೆ ನುಂಗಿಬಿಟ್ಟೆ. ಆ ಹುಡುಗರ ಮುಂದೆ ನಮ್ಮ ನಾಯಿ ಸುದ್ದಿ ಎತ್ತೋ ಅಗತ್ಯ ಏನಿತ್ತು? ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ, ಮುಖ ನೋಡ್ಕೊ, ಬಿಳಿಚ್ಕೊಂಡಿದೆ. ಒದ್ದೆ ಬೆನ್ನಲ್ಲಿ ಗಾಳಿಗೆ ನಿಂತಿದೀಯ, ನಾಳೆ ಗಂಟಲು ಕಟ್ಟಿದ್ರೆ ಯಾರಿಗೆ ಕಷಾಯ ಮಾಡೋ ಕೆಲಸ? ನಂಗೆ. ನಿನ್ನಜ್ಜಿ ನೋಡಿದ್ರೆ ಇಲ್ಲಿ ಊರಿಗೆಲ್ಲ ನಿನ್ನ ಬಡವಿ ಅಂತ ಸಾರ್ತಿದಾಳೆ. ಆ ಅಂಗಿ ಹಾಕ್ಕೊ, ಒಣಗಿರೋದು. ಹಾಕ್ಕೊ ಅಂದೆ!”

ಎರ್ಲಿಂದಾ ಬೀಸಣಿಗೆ ನಿಲ್ಲಿಸಿ ಸೊಸೆಯನ್ನು ನೋಡಿದಳು. ಎಲಿಸೆಯೋ ಫೋನ್ ಕೆಳಗಿಳಿಸಿದ.

ಯಾದಿರಾ ಒಣ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ, ಕೇಳಿದ ಪದಗಳನ್ನು ಎಣಿಸುವವಳಂತೆ ನಿಂತಿದ್ದಳು.

“ಅರ್ಧ ಅರ್ಥ ಆಗ್ಲಿಲ್ಲ ಅಮ್ಮ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

“ಉಳಿದರ್ಧ ನಾಳೆ ಮತ್ತೆ ಬೈತೀನಿ,” ಒದಿಲಿಯಾ ಸ್ಪ್ಯಾನಿಷಿನಲ್ಲೇ ಅಂದು, ಸಾಲಿನಲ್ಲಿ ನಿಂತಿದ್ದ ಮುಂದಿನವನ ಕಡೆಗೆ ತಿರುಗಿದಳು.